ಎರಡು ಪಂಪುಗಳ ನಡುವೆ

2024ರಲ್ಲಿ ದೀಪಾವಳಿ ಬಂದದ್ದು ಅಕ್ಟೋಬರ್ 31ಕ್ಕೆ. ಮರುದಿನವೇ ರಾಜ್ಯೋತ್ಸವ. ಮಯೂರ್ ವಿಹಾರದ ನಮ್ಮ ಸುತ್ತಮುತ್ತಲಿನ ಐದಾರು ಕನ್ನಡದ ಮನೆಯವರು ಬೆಳಿಗ್ಗೆ ಪಾರ್ಕಿನಲ್ಲಿ ಸೇರಿ, ಬಾವುಟ ಹಿಡಿದು ನಾಡಗೀತೆ ಹಾಡಿ, ಆಮೇಲೆ ಒಬ್ಬರ ಮನೆಯಲ್ಲಿ ಉಪ್ಪಿಟ್ಟು ಕೇಸರಿಬಾತು ತಿನ್ನುವುದೆಂದು ಮಾತಾಗಿತ್ತು. ಹಾಡು ಎತ್ತಿಕೊಡುವ ಕೆಲಸ ನನ್ನದು. ಹಿಂದಿನ ರಾತ್ರಿಯ ಪಟಾಕಿ ಹೊಗೆ ಇನ್ನೂ ಮರಗಳ ಎತ್ತರದಲ್ಲೇ ನಿಂತಿತ್ತು. ಎರಡನೆಯ ನುಡಿಗೆ ಬರುವಷ್ಟರಲ್ಲಿ ನನ್ನ ಉಸಿರು ಮುಗಿಯಿತು. ಉಳಿದವರು ಹಾಡು ಮುಂದುವರಿಸಿದರು. ನಾನು ಬೆಂಚಿನ ಹಿಂದೆ ಹೋಗಿ, ಶಾಲಿನಲ್ಲಿ ಮುಖ ಮುಚ್ಚಿಕೊಂಡು, ನೀಲಿ ಪಂಪನ್ನು ಎರಡು ಸಲ ಒತ್ತಿಕೊಂಡು ಬಂದೆ.

"ಪಾಪ, ಊರು ನೆನಪಾಗಿ ಅಳು ಬಂತು ಅಂತ ಕಾಣುತ್ತೆ" ಎಂದು ಆಂಟಿಯೊಬ್ಬರು ನನ್ನ ಬೆನ್ನು ಸವರಿದರು. ನಾನು ಹೌದೆಂದೆ. ಅಸ್ತಮಾ ಎನ್ನುವುದಕ್ಕಿಂತ ಅಳು ಎನ್ನುವುದು ಸುಲಭವಿತ್ತು.

ಪಂಪು ಬಚ್ಚಿಡುವ ವಿದ್ಯೆ ನನಗೆ ಅವ್ವ ಕಲಿಸಿದ್ದು. ನಮ್ಮದು ಸಿಂಧನೂರು. ಊರ ಸುತ್ತ ಭತ್ತದ ಗದ್ದೆ, ಊರೊಳಗೆ ಅಕ್ಕಿ ಗಿರಣಿ. ಗಿರಣಿಯ ಹೊಟ್ಟಿನ ಧೂಳು ಏಳುವ ಕಾಲಕ್ಕೆ ನನಗೆ ಉಬ್ಬಸ ಶುರುವಾಗುತ್ತಿತ್ತು. ನಮ್ಮ ಕಡೆ ಅದಕ್ಕೆ ದಮ್ಮು ಎನ್ನುತ್ತಾರೆ. ಒಂಬತ್ತು ವರ್ಷದವಳಿದ್ದಾಗ ಅವ್ವ ಅಪ್ಪ ನನ್ನನ್ನು ರಾಯಚೂರಿನ ಮೇಲೆ ಹೈದರಾಬಾದಿಗೆ ಕರೆದುಕೊಂಡು ಹೋದರು. ಜೂನ್ ತಿಂಗಳಲ್ಲಿ ಮಿರಗ ಕೂಡುವ ದಿನ ಅಲ್ಲಿನ ಒಂದು ಮನೆತನದವರು ಹಳದಿ ಬಣ್ಣದ ಔಷಧಿಯನ್ನು ಬೆರಳುದ್ದದ ಜೀವಂತ ಕೊರಮೀನಿನ ಬಾಯಲ್ಲಿಟ್ಟು ನುಂಗಿಸುತ್ತಾರೆ. ಮೀನು ತಿನ್ನದವರಿಗೆ ಬೆಲ್ಲದಲ್ಲಿ ಕೊಡುತ್ತಾರೆ. ಸಾಲಿನಲ್ಲಿ ರಾತ್ರಿಯೆಲ್ಲ ನಿಂತು, ಬೆಳಗಿನ ಹೊತ್ತಿಗೆ ನನ್ನ ಸರದಿ ಬಂದಾಗ ಅಪ್ಪ ನನ್ನ ಮೂಗು ಹಿಡಿದಿದ್ದರು. ಮೀನು ಗಂಟಲಲ್ಲಿ ಒದ್ದಾಡಿಕೊಂಡು ಇಳಿದದ್ದು ಈಗಲೂ ನೆನಪಿದೆ. ಮೂರು ವರ್ಷ ಬಿಡದೆ ತೆಗೆದುಕೊಳ್ಳಬೇಕು, ಪ್ರತಿ ಸಲ 45 ದಿನ ಪಥ್ಯ. ಮೂರು ವರ್ಷವೂ ಹೋದೆವು.

ಹದಿನೈದರ ಹೊತ್ತಿಗೆ ನನ್ನ ದಮ್ಮು ಕಡಿಮೆಯಾಯಿತು. ಮಕ್ಕಳ ಅಸ್ತಮಾ ಅನೇಕರಲ್ಲಿ ಹರೆಯದಲ್ಲಿ ಹೀಗೆ ಹಿಂದೆ ಸರಿಯುತ್ತದೆ, ಎಷ್ಟೋ ಜನರಲ್ಲಿ ದೊಡ್ಡವರಾದ ಮೇಲೆ ಮತ್ತೆ ಬರುತ್ತದೆ. ಅದು ನನಗೆ ತಿಳಿದದ್ದು ಬಹಳ ತಡವಾಗಿ. ಅವ್ವನ ಲೆಕ್ಕದಲ್ಲಿ ಮಗಳನ್ನು ಗುಣ ಮಾಡಿದ್ದು ಮೀನು, ಕೆಡಿಸಿದ್ದು ದಿಲ್ಲಿ. ಕೆಲಸಕ್ಕೆಂದು ಇಲ್ಲಿಗೆ ಬಂದ ಎರಡನೆಯ ಚಳಿಗಾಲಕ್ಕೆ ನನ್ನ ಕೈಗೆ ಪಂಪು ಬಂತೆಂದು ಗೊತ್ತಾದಾಗ ಅವಳು ಹೇಳಿದ್ದು ಎರಡೇ ಮಾತು: "ಅದು ಚಟ ಆಗತೈತಿ, ಜಾಸ್ತಿ ಹಿಡೀಬ್ಯಾಡ. ಮತ್ತ ಯಾರ ಮುಂದೂ ತಗೀಬ್ಯಾಡ, ನಾಳೆ ವರ ನೋಡಾಕ ಬರೋರಿಗೆ ಸುದ್ದಿ ಮುಟ್ಟತೈತಿ."

ಎರಡನೆಯ ಮಾತನ್ನು ನಾನು ಚೆನ್ನಾಗಿ ಪಾಲಿಸಿದೆ. ಮೊದಲನೆಯದನ್ನು ಅರ್ಧ ಪಾಲಿಸಿದೆ. ಡಾಕ್ಟರು ನನಗೆ ಆಗಲೇ ಎರಡು ಔಷಧಿ ಕೊಟ್ಟಿದ್ದರು. ಒಂದು ನೀಲಿ ಪಂಪು, ಸಾಲ್ಬ್ಯುಟಮಾಲ್, ಉಸಿರು ಕಟ್ಟಿದಾಗ ತೆಗೆದುಕೊಳ್ಳುವುದು. ಇನ್ನೊಂದು ಪುಡಿ ತುಂಬಿದ ರೋಟಾಕ್ಯಾಪ್, ದಿನಾ ಬೆಳಿಗ್ಗೆ ಸಂಜೆ ಎಳೆದುಕೊಳ್ಳಬೇಕಾದ ಸ್ಟೀರಾಯ್ಡು. ನೀಲಿ ಪಂಪು ಒತ್ತಿದ ಐದು ನಿಮಿಷಕ್ಕೆ ಎದೆ ಬಿಚ್ಚಿಕೊಳ್ಳುತ್ತಿತ್ತು. ಪುಡಿಯಿಂದ ಏನೂ ಆಗುತ್ತಿರಲಿಲ್ಲ. ಹತ್ತು ದಿನ ನೋಡಿ, ದುಡ್ಡು ದಂಡ ಎಂದುಕೊಂಡು ಪುಡಿಯನ್ನು ಬಿಟ್ಟೆ. ಬಿಟ್ಟದ್ದು ಸ್ಟೀರಾಯ್ಡು ಅಲ್ಲವೇ, ಒಳ್ಳೆಯದೇ ಆಯಿತು ಎಂಬ ಸಮಾಧಾನ ಬೇರೆ. ಮುಂದಿನ ಎರಡು ವರ್ಷ ನೀಲಿ ಪಂಪೊಂದರಲ್ಲೇ ದಿನ ದೂಡಿದೆ.

ದಿಲ್ಲಿಯ ನವೆಂಬರಿನ ಬಗ್ಗೆ ಇಲ್ಲಿ ಇರುವವರಿಗೆ ಹೇಳಬೇಕಾಗಿಲ್ಲ, ಊರಿನಲ್ಲಿ ಕೂತು ಓದುವವರಿಗಾಗಿ ನಾಲ್ಕು ಮಾತು. ಚಳಿ ಶುರುವಾದಾಗ ನೆಲದ ಹತ್ತಿರದ ತಣ್ಣನೆಯ ಗಾಳಿಯ ಮೇಲೆ ಬೆಚ್ಚನೆಯ ಗಾಳಿ ಮುಚ್ಚಳದಂತೆ ಕೂರುತ್ತದೆ. ಬೀಸುಗಾಳಿಯೂ ಇರುವುದಿಲ್ಲ. ವಾಹನಗಳ ಹೊಗೆ, ಕಟ್ಟಡದ ಧೂಳು, ಕಸ ಸುಟ್ಟದ್ದು ಎಲ್ಲ ಆ ಮುಚ್ಚಳದಡಿ ಉಳಿಯುತ್ತದೆ. ಅದೇ ಹೊತ್ತಿಗೆ ಪಂಜಾಬ್, ಹರಿಯಾಣದಲ್ಲಿ ಭತ್ತದ ಕೂಳೆ ಸುಡುತ್ತಾರೆ. ಅಂತರ್ಜಲ ಉಳಿಸಲೆಂದು ಪಂಜಾಬಿನಲ್ಲಿ 2009ರಲ್ಲಿ ಬಂದ ಕಾನೂನು ನಾಟಿಯನ್ನು ಮುಂಗಾರಿನ ಹತ್ತಿರಕ್ಕೆ ದೂಡಿತು. ಕೊಯ್ಲೂ ಮುಂದೆ ಹೋಯಿತು, ಗೋಧಿ ಬಿತ್ತನೆಗೆ ಉಳಿಯುವ ದಿನ ಕಡಿಮೆಯಾಯಿತು, ಸುಡುವ ಕಾಲ ಸರಿಯಾಗಿ ಗಾಳಿ ನಿಲ್ಲುವ ಕಾಲಕ್ಕೆ ಬಂದು ಕೂತಿತು. ಭತ್ತದ ನಾಡಿನಿಂದ ಬಂದ ನನಗೆ ಆ ರೈತರ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗುವುದಿಲ್ಲ.

ನವೆಂಬರ್ 17, ಭಾನುವಾರ. ಮರುದಿನ ಬೆಳಿಗ್ಗೆ 8ರಿಂದ ಗ್ರ್ಯಾಪ್‌ನ ನಾಲ್ಕನೆಯ ಹಂತ ಜಾರಿ ಎಂದು ಸಂಜೆ ಸುದ್ದಿ ಬಂತು. ಲಾರಿ ಬಂದ್, ಕಟ್ಟಡ ಕೆಲಸ ಬಂದ್. ಆ ರಾತ್ರಿ ನಾನು ಮಲಗಲಿಲ್ಲ, ಮಲಗಲು ಆಗಲಿಲ್ಲ. ಹಾಸಿಗೆಯ ಮೇಲೆ ದಿಂಬು ತೊಡೆಗಿಟ್ಟುಕೊಂಡು ಮುಂದಕ್ಕೆ ಬಾಗಿ ಕೂತಿದ್ದೆ. ಹನ್ನೊಂದಕ್ಕೆ ಎರಡು ಸಲ ನೀಲಿ ಪಂಪು. ಹನ್ನೆರಡಕ್ಕೆ ನಾಲ್ಕು. ಒಂದೂವರೆಗೆ ಮತ್ತೆ ನಾಲ್ಕು, ಐದು ನಿಮಿಷದಲ್ಲಿ ಬಿಚ್ಚಿಕೊಳ್ಳಬೇಕಾದ ಎದೆ ಬಿಚ್ಚಿಕೊಳ್ಳಲಿಲ್ಲ. ರೂಮ್‌ಮೇಟ್ ಮಣಿಪುರದ ಹುಡುಗಿ, ನನಗೆ ಅಸ್ತಮಾ ಇದೆಯೆಂದು ಅವಳಿಗೂ ನಾನು ಹೇಳಿರಲಿಲ್ಲ. ಅವಳ ಬಾಗಿಲು ಬಡಿದಾಗ ನನ್ನ ಬಾಯಿಂದ ಒಂದು ಇಡೀ ವಾಕ್ಯ ಹೊರಡಲಿಲ್ಲ. "ಹಾಸ್ಪಿಟಲ್" ಎಂದೆ, ನಿಂತೆ, ಉಸಿರು ಎಳೆದೆ, "ಪ್ಲೀಸ್" ಎಂದೆ. ಆಟೋದಲ್ಲಿ ಅವಳು ನನ್ನ ಕೈ ಹಿಡಿದಿದ್ದಳು. ಬೀದಿದೀಪಗಳ ಸುತ್ತ ಹಳದಿ ಹೊಗೆ ಉಂಡೆ ಕಟ್ಟಿತ್ತು.

ಎಮರ್ಜೆನ್ಸಿಯಲ್ಲಿ ಬೆರಳಿಗೆ ಹಾಕಿದ ಕ್ಲಿಪ್ಪು 89 ತೋರಿಸಿತು. ಆಕ್ಸಿಜನ್, ಒಂದರ ಹಿಂದೊಂದು ನೆಬ್ಯುಲೈಸರ್, ಕೈಗೆ ಸ್ಟೀರಾಯ್ಡ್ ಇಂಜೆಕ್ಷನ್. ಬೆಳಗಿನ ಆರಕ್ಕೆ 95. ಆ ದಿನ ದಿಲ್ಲಿಯ ವಾಯು ಗುಣಮಟ್ಟದ ಸರಾಸರಿ ಸೂಚ್ಯಂಕ 494 ಆಗಿತ್ತು. ಆ ಸೂಚ್ಯಂಕದ ಅಳತೆಪಟ್ಟಿಯೇ 500ಕ್ಕೆ ಮುಗಿಯುತ್ತದೆ.

ವಾರ್ಡಿಗೆ ಬಂದ ಎದೆರೋಗದ ಡಾಕ್ಟರು ದಿಲ್ಲಿಯ ಗಾಳಿಯನ್ನು ಬೈಯುತ್ತಾರೆಂದು ಕಾದೆ. ಅವರು ಕೇಳಿದ್ದು ಹಿಂದಿಯಲ್ಲಿ ಒಂದೇ ಪ್ರಶ್ನೆ: "ವರ್ಷಕ್ಕೆ ಎಷ್ಟು ನೀಲಿ ಪಂಪು ಖಾಲಿ ಮಾಡ್ತೀರಿ?" ಗೊತ್ತಿಲ್ಲ ಎಂದೆ. ಮನೆಗೆ ಹೋಗಿ ಎಣಿಸಿಕೊಂಡು ಬನ್ನಿ ಎಂದರು.

ಎಣಿಸಿದೆ. ಬಚ್ಚಿಡುವವರು ಕಸದ ಬುಟ್ಟಿಗೂ ಹಾಕುವುದಿಲ್ಲ. ಅಲ್ಮಾರಿಯ ಸೂಟ್‌ಕೇಸಿನಲ್ಲಿ, ಹಳೆಯ ಬ್ಯಾಗುಗಳ ಜೇಬಿನಲ್ಲಿ ಒಟ್ಟು ಏಳು ಖಾಲಿ ಡಬ್ಬಿ ಸಿಕ್ಕವು. ಒಂದೊಂದರಲ್ಲಿ 200 ಸಲದ ಔಷಧಿ. ವರ್ಷಕ್ಕೆ ಮೂರು ದಾಟಿದರೇ ದೊಡ್ಡ ಉಬ್ಬಸ ಬರುವ ಅಪಾಯ ಹೆಚ್ಚು, ಹನ್ನೆರಡರ ಹತ್ತಿರ ಹೋದರೆ ಸಾವಿನ ಅಪಾಯ ಎಂದರು ಡಾಕ್ಟರು. ನೀಲಿ ಪಂಪು ಬಿಗಿದ ಸ್ನಾಯುವನ್ನು ಸಡಿಲಿಸುತ್ತದೆ, ಅಷ್ಟೇ. ಉಸಿರಿನ ಕೊಳವೆಗಳ ಒಳಗೋಡೆ ಬಾತುಕೊಂಡು, ಲೋಳೆ ತುಂಬಿಕೊಂಡು ಕೂತಿರುತ್ತದೆಯಲ್ಲ, ಅದಕ್ಕೆ ಅದು ಏನೂ ಮಾಡುವುದಿಲ್ಲ. ಐದು ನಿಮಿಷದ ಆರಾಮ ಕೊಟ್ಟು, ಒಳಗೆ ರೋಗ ಬೆಳೆಯುತ್ತಿರುವುದನ್ನು ಮರೆಸುತ್ತದೆ. ಅಸ್ತಮಾ ಚಿಕಿತ್ಸೆಯ ಅಂತರರಾಷ್ಟ್ರೀಯ ಮಾರ್ಗಸೂಚಿ ಬರೆಯುವ ಗಿನಾ ಸಂಸ್ಥೆ 2019ರಲ್ಲೇ ಬರೀ ನೀಲಿ ಪಂಪಿನ ಮೇಲೆ ಯಾರನ್ನೂ ಬಿಡಬಾರದೆಂದು ಹೇಳಿತ್ತಂತೆ. ನಾನು ಎರಡು ವರ್ಷ ಅದೊಂದರ ಮೇಲೇ ಇದ್ದೆ.

ಐದು ದಿನದ ಪ್ರೆಡ್ನಿಸೋಲೋನ್ ಮಾತ್ರೆಯ ಜೊತೆ ಹೊಸ ಪಂಪು ಬಂತು. ಬ್ಯೂಡೆಸೊನೈಡ್ ಮತ್ತು ಫಾರ್ಮೊಟೆರಾಲ್ ಕೂಡಿಸಿದ್ದು. ಬೆಳಿಗ್ಗೆ ಎರಡು ಸಲ, ರಾತ್ರಿ ಎರಡು ಸಲ, ಉಬ್ಬಸ ಇರಲಿ ಬಿಡಲಿ. "ಸ್ಟೀರಾಯ್ಡಾ?" ಎಂದೆ. ಡಾಕ್ಟರು ಚೀಟಿಯ ಹಿಂದೆ ಲೆಕ್ಕ ಬರೆದರು. ಮಾತ್ರೆ ದಿನಕ್ಕೆ 40 ಮಿಲಿಗ್ರಾಂ, ಅಂದರೆ 40,000 ಮೈಕ್ರೋಗ್ರಾಂ. ಪಂಪಿನಲ್ಲಿ ದಿನಕ್ಕೆ 800 ಮೈಕ್ರೋಗ್ರಾಂ. ಎರಡರ ಬಲ ಬೇರೆ, ತೂಕಕ್ಕೆ ತೂಕ ಹೋಲಿಸಬಾರದು, ಆದರೆ ಒಂದು ಮೈಯೆಲ್ಲ ಸುತ್ತುತ್ತದೆ, ಇನ್ನೊಂದು ಬಹುಮಟ್ಟಿಗೆ ಬೇಕಾದ ಜಾಗದಲ್ಲೇ ಕೆಲಸ ಮಾಡುತ್ತದೆ ಎಂದರು. "ಪಂಪಿನ ಸ್ಟೀರಾಯ್ಡಿಗೆ ಹೆದರಿ ಬಿಟ್ಟವರೇ ವರ್ಷ ವರ್ಷ ಮಾತ್ರೆಯ ಸ್ಟೀರಾಯ್ಡು ತಿನ್ನೋದು."

ಹೀಗೆ ಬುದ್ಧಿ ಬಂದಮೇಲೆ ಎಲ್ಲ ಸರಿಹೋಯಿತು ಎಂದು ಬರೆಯಬಹುದಿತ್ತು. ಹಾಗಾಗಲಿಲ್ಲ.

ಮೊದಲ ವಾರ ಕೈ ನಡುಗಿತು, ಎದೆ ಡವಗುಟ್ಟಿತು. ಫಾರ್ಮೊಟೆರಾಲ್‌ಗೆ ಮೈ ಒಗ್ಗುವವರೆಗೆ ಕೆಲವರಿಗೆ ಹಾಗಾಗುತ್ತದೆ. ಎರಡನೆಯ ವಾರ ದನಿ ಒಡೆಯಿತು. ನನ್ನ ಕೆಲಸ ನೊಯ್ಡಾ ಸೆಕ್ಟರ್ 62ರಲ್ಲಿ, ದಿನಕ್ಕೆ ಐದಾರು ಕಾಲ್‌ಗಳಲ್ಲಿ ಮಾತಾಡುವುದೇ ಕೆಲಸ. "ಗಂಡಸಿನ ದನಿ ಬಂದಿದೆಯಲ್ಲ" ಎಂದು ಟೀಮಿನವರು ನಕ್ಕರು. ಮೂರನೆಯ ವಾರ ನಾಲಿಗೆಯ ಮೇಲೆ ಮೊಸರು ಚೆಲ್ಲಿದಂಥ ಬಿಳಿ ಕಲೆ. ಇಷ್ಟೆಲ್ಲ ಆದಮೇಲೂ ಮೆಟ್ರೋ ಮೆಟ್ಟಿಲು ಹತ್ತಿದರೆ ಏದುಸಿರು. ನೀಲಿ ಪಂಪು ಕೊಡುತ್ತಿದ್ದ ಆ ಐದು ನಿಮಿಷದ ಬಿಡುಗಡೆ ಇದರಲ್ಲಿ ಇರಲಿಲ್ಲ. ತೊಂದರೆ ಮಾತ್ರ ಕಣ್ಣಿಗೆ ಕಾಣುವ ಔಷಧಿಯನ್ನು ಎಷ್ಟು ದಿನ ನಂಬುವುದು? ಡಿಸೆಂಬರ್ ಎರಡನೆಯ ವಾರ ನಾನು ಅದನ್ನೂ ಬಿಟ್ಟೆ. ಮೂರು ದಿನ ಬಿಟ್ಟೆ.

ನಾಲ್ಕನೆಯ ದಿನ ಬಿಳಿ ಕಲೆ ತೋರಿಸಲು ಆಸ್ಪತ್ರೆಗೆ ಹೋದಾಗ ಅಲ್ಲಿನ ನರ್ಸು, ಮಲಯಾಳಿ ಚೇಚಿ, "ತಗೊಳ್ಳೋದು ಹೇಗೆ ತೋರಿಸು" ಎಂದರು. ತೋರಿಸಿದೆ. ಅವರು ತಲೆ ಮೇಲೆ ಕೈಯಿಟ್ಟುಕೊಂಡರು. ಹಿಂದೆ ರೋಟಾಕ್ಯಾಪ್ ಪುಡಿಗೆ ಜೋರಾಗಿ, ರಭಸದಿಂದ ಎಳೆಯಬೇಕಿತ್ತು, ಪುಡಿ ಒಡೆದು ಒಳಗೆ ಹೋಗುವುದು ನಮ್ಮ ಎಳೆತದಿಂದಲೇ. ನಾನು ಅದೇ ಅಭ್ಯಾಸದಲ್ಲಿ ಇದನ್ನೂ ಎಳೆಯುತ್ತಿದ್ದೆ. ಇದು ಅನಿಲದ ಒತ್ತಡದಿಂದ ತಾನಾಗಿ ಚಿಮ್ಮುವ ಪಂಪು. ರಭಸದಿಂದ ಎಳೆದರೆ ಔಷಧಿ ನಾಲಿಗೆಗೆ, ಗಂಟಲ ಗೋಡೆಗೆ ಬಡಿದು ಅಲ್ಲೇ ಉಳಿಯುತ್ತದೆ. ಮೂರು ವಾರ ನಾನು ಗಂಟಲಿಗೆ ಔಷಧಿ ಹಾಕಿದ್ದೆ, ಶ್ವಾಸಕೋಶಕ್ಕೆ ಹೋದದ್ದು ಸ್ವಲ್ಪ ಮಾತ್ರ.

ಚೇಚಿ ಕಲಿಸಿದರು. ಡಬ್ಬಿ ಅಲ್ಲಾಡಿಸು. ಉಸಿರು ಪೂರ್ತಿ ಹೊರಗೆ ಬಿಡು. ತುಟಿ ಬಿಗಿ ಮುಚ್ಚು. ನಿಧಾನ ಎಳೆಯಲು ಶುರು ಮಾಡಿ, ಆಮೇಲೆ ಒತ್ತು, ಎಳೆಯುತ್ತಲೇ ಇರು. ಹತ್ತು ಎಣಿಸುವವರೆಗೆ ಬಿಗಿಹಿಡಿ. ಎರಡನೆಯದಕ್ಕೆ ಮುಂಚೆ ಒಂದು ನಿಮಿಷ ಬಿಡು. ಕೊನೆಗೆ ಬಾಯಿ ಮುಕ್ಕಳಿಸಿ, ಗಂಟಲು ಗಳಗಳ ಮಾಡಿ ಉಗುಳು, ನುಂಗಬೇಡ. ನನ್ನ ಒತ್ತುವುದು ಮತ್ತು ಎಳೆಯುವುದು ಹೊಂದದ್ದನ್ನು ನೋಡಿ ಸ್ಪೇಸರ್ ಬರೆಸಿಕೊಟ್ಟರು. ಅಂಗೈಗಿಂತ ದೊಡ್ಡದಾದ ಪ್ಲಾಸ್ಟಿಕ್ ಬುರುಡೆ. ಪಂಪನ್ನು ಅದರೊಳಗೆ ಒತ್ತಿ, ಇನ್ನೊಂದು ತುದಿಯಿಂದ ಸಾವಕಾಶ ಎಳೆದುಕೊಳ್ಳುವುದು. ಪಂಪನ್ನಾದರೂ ಮುಷ್ಟಿಯಲ್ಲಿ ಬಚ್ಚಿಡಬಹುದು. ಈ ಬುರುಡೆಯನ್ನು ಎಲ್ಲಿ ಬಚ್ಚಿಡಲಿ?

ಆ ರಾತ್ರಿ ಅವ್ವನಿಗೆ ವಿಡಿಯೋ ಕಾಲ್ ಮಾಡಿದೆ. ನವೆಂಬರ್ 17ರ ಸಂಗತಿ ಅವಳಿಗೆ ತಿಳಿಸಿರಲಿಲ್ಲ. ಎಲ್ಲ ಹೇಳಿದೆ. ಸ್ಪೇಸರ್ ತೋರಿಸಿದೆ. ಅವ್ವ ಬೈಯುತ್ತಾಳೆ, ಕೆಲಸ ಬಿಟ್ಟು ಬಾ ಎನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದಳು: "ನಮ್ಮವ್ವಗೂ ಪಂಪ ತಂದಿದ್ರು. ತಂದು ಇಪ್ಪತ್ತ ದಿನಕ್ಕ ಹ್ವಾದ್ಲು."

ಅಜ್ಜಿ ದಮ್ಮಿನಿಂದ ಹೋದಳೆಂದು ಗೊತ್ತಿತ್ತು. ಪಂಪಿನ ಸಂಗತಿ ಗೊತ್ತಿರಲಿಲ್ಲ. ಹತ್ತು ವರ್ಷ ಕಷಾಯ, ತಾಯಿತ, ಗಿಡಮೂಲಿಕೆಯಲ್ಲಿ ಕಳೆದು, ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುವ ಸ್ಥಿತಿ ಬಂದಮೇಲೆ ರಾಯಚೂರಿಗೆ ಕರೆದುಕೊಂಡು ಹೋಗಿದ್ದರಂತೆ. ಅಲ್ಲಿ ಕೊಟ್ಟ ಪಂಪು ಬಾಯಿಗಿಟ್ಟುಕೊಂಡೇ ಅಜ್ಜಿ ಕೊನೆಯ ರಾತ್ರಿ ಕಳೆದಳಂತೆ. ಅವ್ವನ ಕಣ್ಣಲ್ಲಿ ಪಂಪು ಎಂದರೆ ಸಾವಿನ ಹಿಂದಿನ ಮೆಟ್ಟಿಲು. ನನಗೆ ಅದನ್ನು ಜಾಸ್ತಿ ಹಿಡೀಬ್ಯಾಡ ಎಂದಾಗ ಅವಳು ಕಾಣುತ್ತಿದ್ದದ್ದು ಮದುವೆಯನ್ನಲ್ಲ.

"ಅವ್ವಾ, ಎಡದಂಡೆ ಕಾಲುವೆ ಐತಲ್ಲ" ಎಂದೆ. ಯಾಕೆ ಹಾಗೆ ಶುರು ಮಾಡಿದೆನೋ ಗೊತ್ತಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆ ನಮ್ಮೂರಿನವರಿಗೆ ದೇವರಿಗಿಂತ ಹತ್ತಿರ. "ಕಾಲುವಿ ಕೊನಿಗೆ ನೀರು ಮುಟ್ಟಲಿಲ್ಲ ಅಂದ್ರ ಏನ್ ಮಾಡ್ತಾರ?"

"ಗೇಟ್ ಎತ್ತಾಕ ಹಚ್ತಾರ. ಗದ್ಲ ಮಾಡ್ತಾರ."

"ಗೇಟ್ ಎತ್ತಿದ್ರೂ ಮುಟ್ಟಲಿಲ್ಲ ಅಂದ್ರ?"

"ಹೂಳು ತುಂಬಿದ್ರ ಎಲ್ಲಿ ಮುಟ್ಟತೈತಿ? ಬ್ಯಾಸಿಗಿ ಒಳಗ ನೀರು ನಿಲ್ಸಿದಾಗ ಹೂಳು ತಗೀಬೇಕು. ನೀರು ಬಂದಮ್ಯಾಲ ಯಾವನು ತಗೀತಾನ?"

"ನೀಲಿ ಪಂಪ ಗೇಟ್ ಎತ್ತೋದು. ಇದು ಹೂಳು ತಗಿಯೋದು. ಅಜ್ಜಿಗೆ ಕಾಲುವಿ ಪೂರಾ ಮುಚ್ಚಿದಮ್ಯಾಲ ಕೊಟ್ರವ್ವಾ."

ಅವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ಹಂಗಾರ ನಮ್ಮವ್ವಗ ಮೊದಲ ಕೊಟ್ಟಿದ್ರ…" ಎಂದು ಅರ್ಧಕ್ಕೆ ನಿಲ್ಲಿಸಿದಳು. ನಾನೂ ಪೂರ್ತಿ ಮಾಡಲಿಲ್ಲ. ಉಸಿರಿನ ಮೂಲಕ ಎಳೆದುಕೊಳ್ಳುವ ಸ್ಟೀರಾಯ್ಡು ಲೋಕಕ್ಕೆ ಬಂದದ್ದು 1972ರಲ್ಲಿ. ಅಜ್ಜಿಯ ಕಾಲಕ್ಕೆ ಅದು ಇತ್ತು, ನಮ್ಮ ಮನೆಯ ದಾರಿ ಅದಕ್ಕೆ ಗೊತ್ತಿರಲಿಲ್ಲ.

ಅಂದಿನಿಂದ ಅವ್ವ ರಾತ್ರಿ ಫೋನಿನಲ್ಲಿ ಊಟ ಆಯ್ತೇನು ಎಂದು ಕೇಳುವ ಮುಂಚೆ "ಬಾಯಿ ಮುಕ್ಕಳಿಸಿದೇನು?" ಎಂದು ಕೇಳುತ್ತಾಳೆ. ಬಿಳಿ ಕಲೆಯ ಕಥೆ ಅವಳ ಮನಸ್ಸಿನಲ್ಲಿ ಕೂತುಬಿಟ್ಟಿದೆ.

ಪೀಕ್ ಫ್ಲೋ ಮೀಟರ್ ಎಂಬ ಕೊಳವೆಗೆ ದಿನಾ ಬೆಳಿಗ್ಗೆ ಜೋರಾಗಿ ಊದಿ ಅಂಕಿ ಬರೆದಿಡಲು ಡಾಕ್ಟರು ಹೇಳಿದ್ದರು. ಡಿಸೆಂಬರ್ ಮಧ್ಯದಲ್ಲಿ ನನ್ನ ಅಂಕಿ 220. ಸರಿಯಾಗಿ ತೆಗೆದುಕೊಳ್ಳಲು ಶುರು ಮಾಡಿದ ಹತ್ತು ದಿನಕ್ಕೆ 260. ಜನವರಿ ಕೊನೆಗೆ 330. ಒಂದು ದಿನದಿಂದ ಇನ್ನೊಂದು ದಿನಕ್ಕೆ ಏನೂ ಗೊತ್ತಾಗುತ್ತಿರಲಿಲ್ಲ, ಡೈರಿಯ ಪುಟ ತಿರುವಿದಾಗ ಮಾತ್ರ ಗೊತ್ತಾಗುತ್ತಿತ್ತು. ಆ ಪಂಪಿನಲ್ಲಿ 120 ಸಲದ ಔಷಧಿ, ದಿನಕ್ಕೆ ನಾಲ್ಕರಂತೆ ಸರಿಯಾಗಿ ಒಂದು ತಿಂಗಳು. ಹಿಂದಿನ ಸಣ್ಣ ಕಿಟಕಿಯಲ್ಲಿ ಉಳಿದ ಲೆಕ್ಕ ಕಾಣುತ್ತದೆ. ಫೆಬ್ರವರಿಯ ಒಂದು ಸಂಜೆ ಬ್ಯಾಗಿನಲ್ಲಿ ನೀಲಿ ಪಂಪು ಹುಡುಕಿದೆ, ಇರಲಿಲ್ಲ. ನಾಲ್ಕು ದಿನದಿಂದ ಅದು ಮನೆಯ ಮೇಜಿನ ಮೇಲೇ ಇತ್ತು, ನನಗೆ ನೆನಪೇ ಆಗಿರಲಿಲ್ಲ. ಖುಷಿಪಟ್ಟು ಚೇಚಿಗೆ ಹೇಳಿದರೆ ಅವರು ಗದರಿದರು: "ಅದು ಬ್ಯಾಗಲ್ಲೇ ಇರಬೇಕು. ಬೇಕಾಗದಿದ್ದರೂ ಇರಬೇಕು."

ಮಾರ್ಚಿನಲ್ಲಿ ಡಾಕ್ಟರು ಎರಡು ಸಲವನ್ನು ಒಂದು ಸಲಕ್ಕೆ ಇಳಿಸಿದರು. ನಿಲ್ಲಿಸುವ ಮಾತಿಲ್ಲ, ಸೆಪ್ಟೆಂಬರಿನಲ್ಲಿ, ಹೊಗೆ ಇಳಿಯುವ ಮುಂಚೆ, ಮತ್ತೆ ಬನ್ನಿ ಎಂದರು. ದಿಲ್ಲಿಯಲ್ಲೇ ಇರಬೇಕೇ ಎಂಬ ಪ್ರಶ್ನೆ ನನ್ನದಿನ್ನೂ ಮುಗಿದಿಲ್ಲ. ಪಂಪು ನನ್ನ ಕೊಳವೆಗಳನ್ನು ನೋಡಿಕೊಳ್ಳಬಹುದು, ಊರಿನ ಗಾಳಿಯನ್ನಲ್ಲ. ಬೆಂಗಳೂರಿಗೆ ವರ್ಗ ಕೇಳಿದ ಅರ್ಜಿ ಹಾಗೇ ಇದೆ.

ಯುಗಾದಿಗೆ ಮತ್ತೆ ಎಲ್ಲ ಸೇರಿದೆವು, ಅದೇ ಆಂಟಿಯ ಮನೆಯಲ್ಲಿ. ಅಡುಗೆಮನೆಯಲ್ಲಿ ಒಬ್ಬಟ್ಟು ತಟ್ಟುತ್ತಾ ನಾನೇ ಹೇಳಿದೆ: "ಆಂಟಿ, ರಾಜ್ಯೋತ್ಸವದ ದಿನ ನಾನು ಅತ್ತಿರಲಿಲ್ಲ. ನಂಗೆ ಅಸ್ತಮಾ ಇದೆ." ಅವರು ಒಲೆ ಸಣ್ಣ ಮಾಡಿದರು. ಬಾಗಿಲ ಕಡೆ ನೋಡಿದರು. ಆಮೇಲೆ ಮೇಲಿನ ಕಪಾಟಿನಿಂದ, ಬೇಳೆ ಡಬ್ಬಿಗಳ ಹಿಂದಿನಿಂದ, ಒಂದು ಪೊಟ್ಟಣ ತೆಗೆದರು. ಅವರ ಹನ್ನೊಂದು ವರ್ಷದ ಮಗನ ಪಂಪು. "ಶಾಲೆಗೆ ಕಳಿಸಲ್ಲಮ್ಮ, ಹುಡುಗರು ಆಡಿಕೊಳ್ತಾರೆ. ತೀರಾ ಆದ್ರೆ ಮಾತ್ರ ಕೊಡ್ತೀನಿ." ಅದು ನೀಲಿ ಪಂಪು.

ಹುಡುಗನಿಗೆ ನಾನು ಸೂಸಿಯ ಕಥೆ ಹೇಳಿದೆ. 1955ರಲ್ಲಿ ಅಮೆರಿಕದ ಔಷಧಿ ಕಂಪನಿಯೊಂದರ ಮುಖ್ಯಸ್ಥ ಜಾರ್ಜ್ ಮೇಸನ್ ಅವರ ಮಗಳು, ಹದಿಮೂರು ವರ್ಷದ ಅಸ್ತಮಾ ಹುಡುಗಿ. ಆಗ ಗಾಜಿನ ಬುರುಡೆಯಲ್ಲಿ ಔಷಧಿ ಹಾಕಿ ರಬ್ಬರ್ ಚೆಂಡು ಒತ್ತಬೇಕಿತ್ತು. ಕೂದಲಿಗೆ ಹೊಡೆದುಕೊಳ್ಳುವ ಸ್ಪ್ರೇಯ ಹಾಗೆ ನನ್ನ ಔಷಧಿ ಯಾಕೆ ಸಿಗುವುದಿಲ್ಲ ಎಂದು ಅವಳು ಅಪ್ಪನನ್ನು ಕೇಳಿದಳು. ಮರುವರ್ಷವೇ, 1956ರಲ್ಲಿ, ಲೋಕದ ಮೊದಲ ಇಂಥ ಪಂಪು ಅಂಗಡಿಗೆ ಬಂತು. ಮಗುವೊಂದು ಜೊತೆಯಲ್ಲಿ ಒಯ್ಯಲೆಂದು ಕೇಳಿದ ವಸ್ತು ಅದು.

ಹುಡುಗ ನನ್ನ ಸ್ಪೇಸರ್ ತಿರುಗಿಸಿ ನೋಡಿದ, ಕಣ್ಣಿಗೆ ದುರ್ಬೀನಿನಂತೆ ಇಟ್ಟುಕೊಂಡ. ಆಮೇಲೆ ಪಂಪಿನ ಹಿಂದಿನ ಕಿಟಕಿಯ ಅಂಕಿ ಓದಿದ. "ಅಕ್ಕ, 46 ಉಳಿದಿದೆ. ಇದು ಮುಗಿದ ಮೇಲೆ ನಿಮಗೆ ವಾಸಿ ಆಗುತ್ತಾ?"

"ಇಲ್ಲ. ಇನ್ನೊಂದು ತರ್ತೀನಿ" ಎಂದೆ. ಆಂಟಿ ಒಲೆಯ ಮುಂದೆ ನಿಂತೇ ನನ್ನ ಡಾಕ್ಟರ ಹೆಸರು ಕೇಳಿದರು. ಫೋನಿನಲ್ಲಿ ನಂಬರ್ ಕಳಿಸಿದೆ.